ನಟ್ಟಿಗೆ ಹೆದರುತ್ತಿದ್ದ ಮಾವ

ನನ್ನ ಮಾವನವರು ಬಲಗೈ ಹೆಬ್ಬೆರಳಿನ ಉಗುರನ್ನು ಮಾತ್ರ ಕತ್ತರಿಸುತ್ತಿರಲಿಲ್ಲ. ಹಳದಿಗಟ್ಟಿದ ಆ ದಪ್ಪ ಉಗುರನ್ನು ಬೋಲ್ಟಿನ ಥ್ರೆಡ್ಡಿನ, ಆ ಸುರುಳಿ ಗೀರಿನ ಮೇಲೆ ಮೆಲ್ಲಗೆ ಎಳೆಯುತ್ತ, ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ ಕೂತರೆಂದರೆ ಊಟಕ್ಕೆ ಕರೆದರೂ ಕೇಳಿಸುತ್ತಿರಲಿಲ್ಲ. ಆಮೇಲೆ ಅದನ್ನು ಪಕ್ಕಕ್ಕಿಟ್ಟು "ಇದು ಇದರದ್ದಲ್ಲ" ಅನ್ನುವರು. ಆಗ ಅವರ ಮುಖದಲ್ಲಿ ಬೇಸರಕ್ಕಿಂತ ಹೆಚ್ಚಾಗಿ ಭಯ ಕಾಣುತ್ತಿತ್ತು.

ಭಯ ಅವರ ಹುಟ್ಟುಗುಣವೆಂದು ಮನೆಯಲ್ಲಿ ಎಲ್ಲರೂ ನಗುತ್ತಿದ್ದೆವು. ಗ್ಯಾಸ್ ಬಂದ್ ಮಾಡಿದ್ದನ್ನು ಮತ್ತೆ ಮತ್ತೆ ನೋಡಿ ಬರುವರು. ಆಟೋದಲ್ಲಿ ಕೂತರೆ ಎರಡೂ ಕೈಯಿಂದ ಸರಳು ಹಿಡಿಯುವರು. ಮೆಟ್ರೋ ಬಂದ ಮೇಲೆ ಅದರ ಕೆಳಗೆ ನಿಂತು ಚಹಾ ಕುಡಿಯಲೂ ಒಪ್ಪಲಿಲ್ಲ. ರಕ್ಷಣಾ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ದುಡಿದು ನಿವೃತ್ತರಾದವರು. "ಮಂದಿ ಬಾಂಬಿಗೆ ಹೆದರ್ತಾರವಾ, ನಾ ನಟ್ಟಿಗೆ ಹೆದರ್ತೀನಿ" ಎಂದು ಅವರೇ ಹೇಳುತ್ತಿದ್ದರು.

ಕಾಚಿಗೂಡದ ನಮ್ಮ ಮನೆಯ ಶೆಡ್ಡಿನಲ್ಲಿ ಅವರ ತಂದೆಯ ಕರಿ ಕಾರು ನಿಂತಿತ್ತು. ನಿಜಾಮರ ಕಾಲದಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದದ್ದು. ಅದಕ್ಕೆ ಕೈಹಾಕಿದ ಮೆಕ್ಯಾನಿಕ್‌ಗಳೆಲ್ಲ ಕೈಗೆ ಸಿಕ್ಕ ಬೋಲ್ಟು ತುರುಕಿ ಹೋಗಿದ್ದರು. ಅದನ್ನು ಮೊದಲಿದ್ದಂತೆಯೇ ಮಾಡಬೇಕೆಂದು ಮಾವನವರ ಹಟ. ಡ್ಯಾಶ್‌ಬೋರ್ಡಿನ ಹಿಂದೆ, ಯಾರ ಕೈಯೂ ತಲುಪದ ಮೂಲೆಯಿಂದ ಕಾರಿನ ಜೊತೆಗೇ ಹುಟ್ಟಿದ ಕೆಲವು ಬೋಲ್ಟುಗಳನ್ನು ಬಿಚ್ಚಿ ಮಾದರಿಗೆ ಇಟ್ಟುಕೊಂಡರು. ತಲೆಯ ದಪ್ಪ, ತಲೆಯ ಮೇಲಿನ ಪುಟ್ಟ ಅಚ್ಚು, ಥ್ರೆಡ್ಡಿನ ಇಳಿಜಾರು ಎಲ್ಲವೂ ಅವುಗಳಿಗೆ ಹೊಂದಬೇಕು. ಹಳೆಯ ಬಣ್ಣದ ಮೇಲೆ ಮೊದಲಿನ ಬೋಲ್ಟಿನ ತಲೆ ಕೂತ ಉಂಗುರದಂಥ ಗುರುತಿಗೂ ಸರಿಹೋಗಬೇಕು. ಭಾನುವಾರ ಗುಜರಿ ಬಜಾರಿನಲ್ಲಿ ತುಕ್ಕಿನ ರಾಶಿ ಕೆದಕುತ್ತ "ನೈ ಮಿಯಾ, ಯೇ ಬಾದ್ ಕಾ ಹೈ" ಎಂದು, ಇದು ಆಮೇಲಿನ ಕಾಲದ್ದೆಂದು, ವ್ಯಾಪಾರಿಗಳ ತಲೆ ತಿನ್ನುತ್ತಿದ್ದರು.

"ಯಾವ್ದರ ಒಂದು ಹಾಕಿದ್ರ ಏನಾಗ್ತೈತ್ರಿ ಮಾವಾರ?" ಎಂದು ಒಮ್ಮೆ ಕೇಳಿದೆ.

"ಬ್ಯಾರೆ ಥ್ರೆಡ್ಡಿನ ನಟ್ಟು ಎರಡು ಸುತ್ತು ಹೋಗಿ ಕೂಡ್ತೈತಿ. ನೋಡಿದವರಿಗೆ ಬಿಗಿ ಆಗೇತಿ ಅನಸ್ತೈತಿ. ಒಳಗ ಹಿಡದಿರೂದಿಲ್ಲ. ನಡು ದಾರ್‍ಯಾಗ ಕಳಚ್ತೈತಿ."

ಕಾರ್ಖಾನೆಯಲ್ಲಿ ಪರೀಕ್ಷೆ ಮುಗಿದ ಬೋಲ್ಟಿಗೆ ಕೆಂಪು ಬಣ್ಣದ ಚುಕ್ಕೆ ಇಡುತ್ತಿದ್ದರಂತೆ. ಮನೆಯಲ್ಲಿ ಅದಕ್ಕೆ ಎಣ್ಣೆಯಲ್ಲಿ ಕಲಸಿದ ಕುಂಕುಮ. ಎಲ್ಲ ಬೋಲ್ಟಿಗೂ ಕೆಂಪು ಬರುವತನಕ ಕಾರು ಗೇಟು ದಾಟಬಾರದು ಎಂಬುದು ಅವರ ಕಟ್ಟಪ್ಪಣೆ. ಕೊನೆಗೆ ಸ್ಟೇರಿಂಗ್ ಪೆಟ್ಟಿಗೆಯನ್ನು ಹಿಡಿದಿಡುವ ಬೋಲ್ಟುಗಳಷ್ಟೇ ಉಳಿದವು. ಅವು ಎಲ್ಲಿಯೂ ಸಿಗಲಿಲ್ಲ. ಸಿಗುವತನಕ ಪೆಟ್ಟಿಗೆ ಜೋತುಬೀಳದಿರಲಿ ಎಂದು ಯಾವುದೋ ಬೋಲ್ಟು ತೂರಿಸಿ, ನಟ್ಟನ್ನು ಕೈಯಿಂದಲೇ ತಿರುವಿ ಬಿಟ್ಟಿದ್ದರು. ಅವಕ್ಕೆ ಕುಂಕುಮ ಇಟ್ಟಿರಲಿಲ್ಲ.

ಆ ವರ್ಷದ ಆಯುಧಪೂಜೆಯ ಬೆಳಿಗ್ಗೆ ಮಾವನವರು ಸ್ನಾನಕ್ಕೆ ಹೋಗಿದ್ದರು. ಅತ್ತೆ ಬಾನೆಟ್ ಎತ್ತಿಸಿ, ಬಗ್ಗಿ ಬಗ್ಗಿ ಪೂಜೆ ಮಾಡಿದರು. ಕೆಲವು ಬೋಲ್ಟಿಗೆ ಕುಂಕುಮವಿದೆ, ಕೆಲವಕ್ಕಿಲ್ಲ. ಹಬ್ಬದ ದಿನ ಬೋಳು ಹಣೆ ಕಂಡಂತಾಗಿ ಅವರ ಮನಸ್ಸು ತಡೆಯಲಿಲ್ಲ; ಅದು ತಪಾಸಣೆಯ ಗುರುತೆಂಬುದು ಹೊಳೆಯಲೂ ಇಲ್ಲ. ಒಂದನ್ನೂ ಬಿಡದೆ ಎಲ್ಲಕ್ಕೂ ಹಚ್ಚಿದರು. ನನ್ನ ಗಂಡ ಬಂದು ನೋಡಿ, "ಅಪ್ಪಾ ಅಂತೂ ಎಲ್ಲಾ ಪಾಸ್ ಮಾಡ್ಯಾನ!" ಎಂದು ಕುಣಿದು ಬಾನೆಟ್ ಮುಚ್ಚಿದರು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟೆವು. ನಮ್ಮ ಏಳು ವರ್ಷದ ಮಗಳು ರೇಷ್ಮೆ ಲಂಗದಲ್ಲಿ ಮುಂದಿನ ಸೀಟಿಗೆ ಹತ್ತಿದಳು. ನಮ್ಮ ಗಲ್ಲಿ ಇಳಿಜಾರಿನದು, ಅದರ ಬುಡದಲ್ಲೇ ಬಸ್ಸು ಓಡುವ ರಸ್ತೆ.

ಇಂಜಿನ್ನಿನ ಸದ್ದು ಕೇಳಿ ಮಾವನವರು ಒದ್ದೆ ಪಂಚೆಯಲ್ಲೇ ಓಡಿ ಬಂದರು. ಕಾರಿನ ಮುಂದೆ ಅಡ್ಡ ನಿಂತು ಎರಡೂ ಕೈ ಬಾನೆಟ್ಟಿನ ಮೇಲೆ ಊರಿದರು. ಗಂಡ ಇಂಜಿನ್ ನಿಲ್ಲಿಸಿದ ಮೇಲೆ ಮಾವನವರು ಬಾನೆಟ್ ಎತ್ತಿ ನೋಡಿದರು. ಎಲ್ಲವೂ ಕೆಂಪು. ಹಿಂದೆ ತಟ್ಟೆ ಹಿಡಿದು ನಿಂತ ಅತ್ತೆಯ ಬೆರಳೂ ಕೆಂಪು.

"ಬ್ರೇಕ್ ಹಿಡ್ಯಾಕತ್ತಿಲ್ಲ. ಕೂಸಿನ್ನ ಇಳಸ್ರಿ. ಎಲ್ಲಾರೂ ಒಳಗ ನಡೀರಿ" ಎಂದರು. ಬ್ರೇಕನ್ನು ಅವರು ಮುಟ್ಟಿಯೂ ನೋಡಿರಲಿಲ್ಲ. ಆಮೇಲೆ ನನಗೆ, "ನೀ ನಿಂದರವಾ, ಟಾರ್ಚ್ ಹಿಡಿ."

ನಾನು ಟಾರ್ಚ್ ಹಿಡಿದೆ. ಅವರು ಕೈ ಇಳಿಬಿಟ್ಟು ಸ್ಟೇರಿಂಗ್ ಪೆಟ್ಟಿಗೆಯ ನಟ್ಟನ್ನು ಎರಡು ಬೆರಳಿನಿಂದ ತಿರುವಿದರು. ನಟ್ಟು ಅಂಗೈಗೆ ಉದುರಿತು. ಆಮೇಲೆ ಮತ್ತೊಂದು. ಗಲ್ಲಿಯ ಬುಡದಲ್ಲಿ ಬಸ್ಸೊಂದು ಹಾರ್ನ್ ಹೊಡೆಯುತ್ತ ಹಾದುಹೋಯಿತು. ನಾನು ಅಲ್ಲೇ ನೆಲಕ್ಕೆ ಕೂತೆ. ಅಷ್ಟು ದಿನ ನಾವು ನಕ್ಕ ಭಯ ಎಂಥದ್ದೆಂದು ಅವತ್ತು ತಿಳಿಯಿತು.

ಮಾವನವರೂ ನನ್ನ ಎದುರಿಗೇ ಕುಕ್ಕರಿಸಿದರು. "ಯಾರಿಗೂ ಹೇಳಬ್ಯಾಡವಾ" ಎಂದರು. "ಆಕಿ ಪೂಜಾ ಮಾಡ್ಯಾಳ, ತಪ್ಪೇನ್ ಮಾಡಿಲ್ಲ. ಗೊತ್ತಾದ್ರ ಇನ್ನ ಮ್ಯಾಲ ದೇವರ ಮುಂದ ಕೂಡಾಕೂ ಹೆದರ್ತಾಳ. ಹೆದರಿಕಿ ನನಗೊಬ್ಬಂಗ ಇರ್ಲಿ, ಸಾಕು."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕಾರು ಮತ್ತೆ ಶೆಡ್ಡಿನಲ್ಲೇ ಉಳಿಯಿತು. ಬೇಕಾದ ಬೋಲ್ಟುಗಳು ಸಿಗಲೇ ಇಲ್ಲ. ಮಗಳು ಬೆಳೆದು ಈಗ ಗಚ್ಚಿಬೌಲಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಅವಳು ಸ್ಕೂಟರ್ ಹತ್ತಿ ಗಲ್ಲಿ ಇಳಿಯುವಾಗಲೆಲ್ಲ, ಬಸ್ಸಿನ ರಸ್ತೆ ದಾಟುವತನಕ ಗೇಟಿನಲ್ಲೇ ನಿಂತಿರುತ್ತೇನೆ. ಅವಳು ಸಂಜೆ ಮನೆಗೆ ಬರುತ್ತಾಳಲ್ಲ, ಅದು ಮಾವನವರು ಉಳಿಸಿಕೊಟ್ಟದ್ದು. ಹೋದ ವರ್ಷ ಅತ್ತೆಯೂ ತೀರಿಕೊಂಡರು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮಾವನವರು ತೀರಿಕೊಂಡದ್ದು ಅದಕ್ಕೂ ಮೊದಲು, ನಿದ್ದೆಯಲ್ಲಿ. ಹದಿಮೂರನೆಯ ದಿನ ಊಟವಾದ ಮೇಲೆ ಬಂಧುಗಳೆಲ್ಲ ಪಡಸಾಲೆಯಲ್ಲಿ ಕೂತಿದ್ದಾಗ ಅತ್ತೆ ಅಳುತ್ತಲೇ ನಕ್ಕರು. "ಭಾಳ ಪುಕ್ಕಲು ಮನಶ್ಯಾ. ಹಬ್ಬದ ದಿನ ಮೊಮ್ಮಗಳನ್ನ ಕಾರಿನ್ಯಾಗ ಒಂದ್ ಸುತ್ತು ಹೋಗಾಕೂ ಬಿಡಲಿಲ್ಲ" ಎಂದರು. ಕೂತವರೆಲ್ಲ ನಕ್ಕರು. ಮಗಳು ಅಜ್ಜಿಯ ತೊಡೆಗೆ ಒರಗಿದ್ದಳು. ನಾನು ಅವಳ ತಲೆಯ ಮೇಲೆ ಕೈಯಿಟ್ಟುಕೊಂಡು ಎಲ್ಲರ ಜೊತೆ ನಕ್ಕೆ.