ಒಡೆಸ್ಸಾ ಸ್ಟಾಲರ್ಡ್: ಹತ್ತನೆಯ ಹೆಸರು ಹೇಳಿದವರು

ನಮ್ಮ ಕೆಂಟಕಿಯ ಕಲ್ಲಿದ್ದಲ ಕಣಿವೆಗಳ ಬದುಕಿಗೆ ಕಾವ್ಯದಲ್ಲಿ ಗೌರವದ ಸ್ಥಾನ ದೊರಕಿಸಿಕೊಟ್ಟವರಲ್ಲಿ ಶ್ರೀಮತಿ ಒಡೆಸ್ಸಾ ಸ್ಟಾಲರ್ಡ್ ಅವರು ಅಗ್ರಗಣ್ಯರು. ಏಳು ಕವನ ಸಂಕಲನಗಳನ್ನು ಹೊರತಂದು, ಮೂವತ್ತಾರು ವರ್ಷ ನಮ್ಮೂರ ಶಾಲೆಯಲ್ಲಿ ಪಾಠ ಹೇಳಿ ಈಗ ನಿವೃತ್ತರಾಗುತ್ತಿರುವ ಅವರ ಕುರಿತು ಬರೆಯುವ ಭಾಗ್ಯ, ಮೊದಲು ಅವರ ವಿದ್ಯಾರ್ಥಿಯಾಗಿ ಅನಂತರ ಸಹೋದ್ಯೋಗಿಯಾದ ನನಗೆ ಒದಗಿದೆ.

ಅವರ ಕವಿತೆಗಳಲ್ಲಿ ಜನರ ಹೆಸರುಗಳೇ ತುಂಬಿರುತ್ತವೆ ಎಂದು ವಿಮರ್ಶಕರು ಆಕ್ಷೇಪಿಸುವುದುಂಟು. ಅದರ ಮೂಲ ಅವರ ಅಜ್ಜಿ ಜೆಲ್ಫಾ. ಕಣ್ಣು ಕಾಣದ ಆ ಹಿರಿಯರು ಗಣಿಯ ದಾರಿಯಲ್ಲಿದ್ದ ಮನೆಯ ಜಗಲಿಯಲ್ಲಿ ಬೆಳಗ್ಗೆ ಕುಳಿತು, ಕೆಲಸಕ್ಕಿಳಿಯುವ ಪ್ರತಿಯೊಬ್ಬರ ಹೆಸರನ್ನೂ ಮೊಮ್ಮಗಳಿಂದ ಬರೆಸಿಕೊಂಡು, ಅವರು ಮರಳುವವರೆಗೂ ಆ ಹೆಸರುಗಳನ್ನು ರಾಗವಾಗಿ ಹೇಳುತ್ತ ಪ್ರಾರ್ಥಿಸುತ್ತಿದ್ದರು.

ಒಡೆಸ್ಸಾ ಅವರಿಗೆ ಹನ್ನೆರಡು ವರ್ಷವಾಗಿದ್ದಾಗ, ಫೆಬ್ರವರಿಯ ಒಂದು ಶನಿವಾರ ಬೆಳಗ್ಗೆ ಗಣಿಯ ಚಾವಣಿ ಕುಸಿಯಿತು. ಅಂದು ರಜೆಯಲ್ಲಿದ್ದ ಅವರ ತಂದೆ ಡೂಯಿ, ಸಿಕ್ಕಿಬಿದ್ದವರನ್ನು ಹೊರತರುವ ತಂಡಕ್ಕೆ ಸೇರಿಕೊಂಡರು. ಮೂರು ಗಂಟೆಯ ಹೊತ್ತಿಗೆ ಒಂಬತ್ತು ಮಂದಿ ಹೊರಬಂದರು. ಅವರಲ್ಲಿ ಇಬ್ಬರು ಬದುಕಿರಲಿಲ್ಲ. ಒಳಗೆ ಬಂಡೆಗಳು ಇನ್ನೂ ಉರುಳುತ್ತಿದ್ದವು.

"ಪಟ್ಟಿಯಲ್ಲಿದ್ದ ಒಂಬತ್ತೂ ಜನ ಬಂದಾಯ್ತು. ಇನ್ಯಾರೂ ಒಳಗೆ ಕಾಲಿಡೋ ಹಾಗಿಲ್ಲ," ಎಂದರು ಗಣಿಯ ಮೇಲ್ವಿಚಾರಕರು.

"ಹತ್ತು ಜನ ಸಾರ್. ಎಸ್ಟಿಲ್ ಮಲಿನ್ಸ್ ಇನ್ನೂ ಬಂದಿಲ್ಲ," ಎಂದರು ಹೆಸರು ಬರೆದ ಪುಸ್ತಕ ಹಿಡಿದು ನಿಂತಿದ್ದ ಒಡೆಸ್ಸಾ.

"ಯಾವ ಎಸ್ಟಿಲ್? ಆ ಹೆಸರಿನೋನು ನಮ್ಮಲ್ಲಿ ಇಲ್ವೇ ಇಲ್ಲ. ಯಾರ್ರೀ ಈ ಹುಡುಗಿ, ಆಚೆ ಕರ್ಕೊಂಡ್ಹೋಗಿ!"

"ಗುಡ್ಡದಾಚೆಯಿಂದ ಬಂದು ಇವತ್ತೇ ಕೆಲಸಕ್ಕೆ ಸೇರಿದ್ದು. ಅಜ್ಜಿ ಕೇಳಿದ್ರು, ನಾನು ಬರ್ಕೊಂಡೆ. ನೋಡಿ ಬೇಕಾದ್ರೆ."

ಆ ಅಪರಿಚಿತನಿಗಾಗಿ ಅಳಲು ಅಲ್ಲಿ ಸಂಬಂಧಿಕರೂ ಇರಲಿಲ್ಲ. ಡೂಯಿ ಮಗಳ ಮುಖ ನೋಡಿ, "ಇವಳು ಬರೆದಿದ್ದು ತಪ್ಪಾಗಲ್ಲ. ದೀಪ ಕೊಡ್ರೋ," ಎಂದರು. ಆಗಲೇ ಒಡೆಸ್ಸಾ ಅವರಿಗೆ ತಾನೇನು ಮಾಡಿದೆನೆಂದು ಹೊಳೆದದ್ದು. "ಅಪ್ಪನ ಕೋಟು ಹಿಡ್ಕೊಂಡೆ. ಹೆಸರು ಹೇಳಿದ ಬಾಯಲ್ಲೇ ಹೋಗಬೇಡ ಅಂತ ಅಂದುಬಿಟ್ಟೆ," ಎಂದು ಅವರೇ ನನಗೆ ಹೇಳಿದ್ದುಂಟು.

ಡೂಯಿ ಕೋಟು ಬಿಡಿಸಿಕೊಂಡು ಹೋದರು. ಎರಡು ಗಂಟೆಗಳ ಕಾಲ ಒಳಗಿನಿಂದ ಬಂಡೆ ಬೀಳುವ ಸದ್ದನ್ನಷ್ಟೇ ಕೇಳುತ್ತ ಆ ಬಾಲಕಿ ಹಿಮದಲ್ಲಿ ನಿಂತಿದ್ದರು. ಕೊನೆಗೆ ಡೂಯಿ ಬಂದರು, ಬೆನ್ನ ಮೇಲೆ ಉಸಿರಾಡುತ್ತಿದ್ದ ಎಸ್ಟಿಲ್‌ನನ್ನು ಹೊತ್ತು. ಡೂಯಿಯವರ ಬಲಗೈಯ ಮೂರು ಬೆರಳುಗಳು ಜಜ್ಜಿಹೋಗಿದ್ದವು. ಮುಂದೆ ಅವರಿಗೆ ಗಣಿಗೆ ಇಳಿಯಲಾಗಲಿಲ್ಲ. ತಂದೆಯ ಪತ್ರಗಳನ್ನೆಲ್ಲ ಬರೆದುಕೊಡುವ ಕೆಲಸ ಮಗಳಿಗೆ ಬಂತು. ಮೊದಲ ಕವಿತೆಗಳು ಹುಟ್ಟಿದ್ದೂ ಆ ವರ್ಷಗಳಲ್ಲೇ.

ನಾನು ಹದಿನಾರನೆಯ ವಯಸ್ಸಿನಲ್ಲಿ ಓದು ಬಿಟ್ಟು ಗಣಿ ಸೇರಲು ಹೊರಟಾಗ ಅವರು ನಮ್ಮ ಮನೆಗೆ ಬಂದು, ನನ್ನ ತಂದೆಯೆದುರು ಕುಳಿತು ಒಂದೇ ಮಾತು ಹೇಳಿದರು: "ಇವನನ್ನ ನನಗೆ ಬಿಟ್ಟುಕೊಡಿ, ಎಸ್ಟಿಲ್."

ತಂದೆ ಇಲ್ಲವೆನ್ನಲಿಲ್ಲ. ಎಪ್ಪತ್ತರ ಅವರು ಈ ಬೀಳ್ಕೊಡುಗೆ ಸಮಾರಂಭಕ್ಕೆ ಈಗಾಗಲೇ ಹೊಸ ಅಂಗಿ ಹೊಲಿಸಿಕೊಂಡಿದ್ದಾರೆ. ಒಡೆಸ್ಸಾ ಅವರು ಆರೋಗ್ಯದಿಂದ ನೂರ್ಕಾಲ ಬಾಳಲಿ, ಎಂಟನೆಯ ಸಂಕಲನವನ್ನು ಬೇಗನೆ ಕೊಡಲಿ ಎಂಬುದು ತಂದೆಯ ಹಾರೈಕೆ. ಅಂದು ಒಡೆಸ್ಸಾ ಅವರು ಆ ಹೆಸರು ಹೇಳಿದ್ದರಿಂದ ಹುಟ್ಟಿದ ನನ್ನದೂ ಅದೇ.