ಬಿಸ್ಕೆಟ್ ಡಬ್ಬಿಯಲ್ಲಿದ್ದ ಭತ್ತ

ಇವತ್ತು ಬೆಳಿಗ್ಗೆ ಕುಮಟಾದಿಂದ ಬಂದ ಪಾರ್ಸೆಲ್ಲಿನ ಗೋಣಿ ಬಿಚ್ಚಿದೆ ನೋಡಿ, ಕಾಕ್ಸ್ ಟೌನಿನ ನನ್ನ ಪುಟ್ಟ ಫ್ಲ್ಯಾಟಿನ ತುಂಬ ಕೆಸರಿನ ವಾಸನೆ, ಅದರ ಹಿಂದೆ ತೆಳ್ಳಗೆ ಉಪ್ಪಿನದು. ಕೆಳಗಿನ ಬೇಕರಿಯ ಬನ್ನಿನ ಪರಿಮಳ ಸೋತು ಸುಮ್ಮನಾಯಿತು.

ಕಳಿಸಿದವಳು ಸುಮತಿ, ಕಾನ್ವೆಂಟ್ ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್. ಸಿಸ್ಟರ್‌ಗಳಿಗೆ ಹೆದರಿ ನಾನು ಟೇಬಲ್ ಮ್ಯಾನರ್ಸ್ ಕಲಿತೆ. ಅವಳು ಗಂಜಿಯನ್ನು ಸೊರ್ರನೆ ಕುಡಿಯುತ್ತಲೇ ಉಳಿದಳು. ಮದುವೆಯಾಗಿ ಹೋದದ್ದು ಅಘನಾಶಿನಿ ಕಡಲು ಸೇರುವ ಕಡೆಗೆ. ಅಲ್ಲಿ ಉಬ್ಬರಕ್ಕೆ ಉಪ್ಪುನೀರು ಗದ್ದೆಗೇ ಬರುತ್ತದೆ. ಆ ನೀರಲ್ಲೂ ತಲೆಯೆತ್ತಿ ನಿಲ್ಲುವ ಭತ್ತವೊಂದಿದೆ, ಕಗ್ಗ ಅಂತ. ಅಕ್ಕಪಕ್ಕದವರೆಲ್ಲ ಸಿಗಡಿ ಸಾಕಲು ಹೊರಟಮೇಲೂ ಅವಳು ಕಗ್ಗ ಬಿಡಲಿಲ್ಲ. ಓಲ್ಡ್ ಫ್ಯಾಷನ್ಡ್ ಅಂತ ರೇಗಿಸುತ್ತಿದ್ದೆ.

ಹೋದ ವರ್ಷ ಅಕ್ಕಿ ಕಳಿಸು ಅಂದರೆ ಹೊಟ್ಟು ಸಮೇತ ಭತ್ತವನ್ನೇ ಕಳಿಸಿದಳು. ಒನಕೆಯಿಲ್ಲದ ಮನೆಯೂ ಇರುತ್ತದೆಂದು ಅವಳಿಗೆ ತೋಚಿರಲಿಲ್ಲ. ಆಟೋದಲ್ಲಿ ಜೋಗುಪಾಳ್ಯದ ಗಿರಣಿಗೆ ಒಯ್ದೆ. ಗಿರಣಿಯವನು ಚೀಲದೊಳಗೆ ಇಣುಕಿ, "ಏನಮ್ಮಾ, ಗದ್ದೇನೇ ಎತ್ಕೊಂಡ್ ಬಂದ್ಬಿಟ್ರಾ? ಇಲ್ಲಿ ರಾಗಿ, ಗೋಧಿ ಅಷ್ಟೇ" ಅಂದ. ವಾಪಸು ತಂದು ಬೇಕರಿಯ ದೊಡ್ಡ ಬಿಸ್ಕೆಟ್ ಡಬ್ಬಿಗೆ ಸುರಿದು, ಅಡುಗೆಮನೆಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿಟ್ಟು ಮರೆತೆ.

ಈಚೆಗೆ ಮಳೆ, ಕಡಲು ಯಾವುದೂ ಹೇಳಿದ ಹೊತ್ತಿಗೆ ಬರುವುದಿಲ್ಲವಲ್ಲ. ಬಿತ್ತನೆಗೆ ಮೊದಲೇ ಕಡಲುಬ್ಬಿ, ಒಡ್ಡು ಒಡೆದು, ಅವಳ ಮನೆಯಲ್ಲಿ ಹುಲ್ಲಿನ ಮುಡಿ ಕಟ್ಟಿಟ್ಟಿದ್ದ ಬೀಜವೆಲ್ಲ ಕೊಳೆಯಿತು. ಫೋನು ಬಂತು.

"ಆ ಭತ್ತ ತಿಂದು ಮುಗಿಸಿದ್ಯಾ ಮಾರಾಯ್ತಿ?"

"ಕುಟ್ಟೋರು ಯಾರೇ ಇಲ್ಲಿ? ಹಾಗೇ ಇದೆ."

ಆ ಕಡೆಯಿಂದ, "ದೇವ್ರು ದೊಡ್ಡವನು. ನಿನ್ನ ಸೋಮಾರಿತನ ಅವನಿಗಿಂತ ದೊಡ್ಡದು. ಒಂದು ಹಿಡಿ ನೆನೆಸಿ ಒದ್ದೆ ಬಟ್ಟೇಲಿ ಕಟ್ಟು, ಜೀವ ಇದ್ಯಾ ನೋಡು. ಇದೂ ಹೋದ್ರೆ ನಮ್ಮೂರಲ್ಲಿ ಕಗ್ಗ ಮುಗೀತು."

ಲೇಸಿನ ಕರ್ಚೀಫಿನಲ್ಲಿ ಕಟ್ಟಿದೆ. ಚರ್ಚಿನಲ್ಲಿ ಮಂಡಿಯೂರಿದರೆ ಪ್ರಾರ್ಥನೆಯ ನಡುವೆಯೂ ಭತ್ತವೇ. ಮರುದಿನ ಏನೂ ಇಲ್ಲ. "ಒಲೆ ಮೇಲಿಟ್ಟು ಬೇಯಿಸಿಬಿಟ್ಟೆ ನೀನು!" ಅಂತ ಬೈದಳು. ಅದರ ಮರುದಿನ ಗಂಟು ಬಿಚ್ಚಿದರೆ, ಮಗುವಿನ ಮೊದಲ ಹಲ್ಲಿನಂಥ ಮೊಳಕೆಗಳು. "ಬಂತು ಕಣೇ!" ಅಂತ ಫೋನಿನಲ್ಲಿ ಕಿರುಚಿದೆ, ಯಾರಿಗೋ ಹೆರಿಗೆಯಾಯಿತೆಂದುಕೊಂಡು ಪಕ್ಕದ ಫ್ಲ್ಯಾಟಿನವರು ಕಂಗ್ರಾಜುಲೇಷನ್ಸ್ ಹೇಳಿದರು.

ಅಂದೇ ಡಬ್ಬಿ ಬಸ್ಸು ಹತ್ತಿತು. ಊರವರು ಸೇರಿ ಒಡ್ಡು ಏರಿಸಿದರು, ಇದ್ದ ಬೀಜಕ್ಕೆ ಒಂದು ಗದ್ದೆ ಬಿತ್ತಿದರು. ಶ್ರಾವಣದಲ್ಲಿ ಮತ್ತೆ ಉಪ್ಪುನೀರು ನುಗ್ಗಿತಂತೆ, ಪೈರು ಜಗ್ಗಲಿಲ್ಲ. ಈಗ ಸಿಗಡಿಯವರೇ ಬೀಜ ಕೇಳುತ್ತಿದ್ದಾರಂತೆ.

ಆ ಗದ್ದೆಯದೇ ಈ ಗೋಣಿ.

"ಮತ್ತೆ ಹೊಟ್ಟು ಸಮೇತ ಕಳ್ಸಿದೀಯಲ್ಲೇ?" ಅಂತ ಫೋನು ಮಾಡಿ ಕೇಳಿದೆ.

"ತಿನ್ನೋಕಲ್ಲ, ಇಡೋಕೆ. ಗುಡ್ಡದ ಮೇಲಿನ ಮನೆಗಳಲ್ಲಿ ಸ್ವಲ್ಪ ಇಟ್ಟಿದ್ದೀವಿ, ನಿನ್ನ ಹತ್ರ ಸ್ವಲ್ಪ. ಕಾಕ್ಸ್ ಟೌನಿಗೆ ಕಡಲು ಬರೂದಿಲ್ಲ ಅಲ್ವಾ?"

ಬೇಕರಿಯಿಂದ ಹೊಸ ಡಬ್ಬಿ ತಂದೆ. ಈ ಸಲ ಒಲೆಯಿಂದ ದೂರ, ಬೀರುವಿನಲ್ಲಿ ನನ್ನ ಮದುವೆ ಸೀರೆಯ ಪಕ್ಕ ಇಟ್ಟಿದ್ದೇನೆ. ಸೀರೆಗೆ ಕೆಸರಿನ ವಾಸನೆ ಹತ್ತಿದರೆ ಹತ್ತಲಿ.