ದೇಶಕ್ಕೆ ಬಿಟ್ಟ ಗಡ್ಡ

ಮೊನ್ನೆ ನನ್ನ ಮಗ ದೇವನಹಳ್ಳಿ ಕಡೆಯಿಂದ ಬರುವಾಗ ರಸ್ತೆ ಬದಿಯಲ್ಲಿ ಎರಡು ಚಕ್ಕೋತ ಕೊಂಡು ತಂದ. ಸಿಪ್ಪೆಗೆ ಹೆಬ್ಬೆರಳು ಚುಚ್ಚಿದೆನೋ ಇಲ್ಲವೋ, ಆ ಘಾಟು ಮೂಗಿಗೆ ಏರಿತು. ಮನೆಯವರೆಲ್ಲ ಒಂದೊಂದು ತೊಳೆ ಬಾಯಿಗಿಟ್ಟು, ಮುಖ ಕಿವುಚಿ, ತಟ್ಟೆಯನ್ನು ನನ್ನ ಕಡೆ ತಳ್ಳಿ ಎದ್ದುಹೋದರು. ಮೊಮ್ಮಗಳು ಮಾತ್ರ ಕೂತಿದ್ದಳು. ಆಗಸ್ಟ್ ಹದಿನೈದಕ್ಕೆ ಅವಳ ಶಾಲೆಯಲ್ಲಿ ಚರ್ಚಾಸ್ಪರ್ಧೆಯಂತೆ. ದೇಶಭಕ್ತಿಯಿಂದ ಈಗಿನ ಸಮಾಜಕ್ಕೆ ಒಳ್ಳೆಯದೋ ಕೆಟ್ಟದ್ದೋ ಎಂದು ಮಾತಾಡಬೇಕಂತೆ.

"ಅಜ್ಜಿ, ನೀನು ಯಾವ ಕಡೆ?" ಎಂದು ಕೇಳಿದಳು.

ನಾನು ಯಾವಾಗಲೂ ಒಲೆಯ ಕಡೆಯವಳು ಎಂದೆ. ಅವಳು ಬಿಡಲಿಲ್ಲ. ಆದರೆ ನನ್ನ ಮನಸ್ಸು ಆಗಲೇ ಆ ವಾಸನೆಯ ಹಿಂದೆ ಹೊರಟುಹೋಗಿತ್ತು... ದೇವನಹಳ್ಳಿಯ ನಮ್ಮ ಹಳೆಯ ಬೀದಿಗೆ, ಎದುರುಮನೆ ದೊಡ್ಡಪ್ಪನ ಹಿತ್ತಲಿಗೆ.

ದೊಡ್ಡಪ್ಪ ಎಂದರೆ ನೆಂಟರಲ್ಲ. ನಾನು ಮದುವೆಯಾಗಿ ಆ ಬೀದಿಗೆ ಬಂದಾಗ ಎದುರುಮನೆಯ ಯಜಮಾನರನ್ನು ಎಲ್ಲರೂ ಹಾಗೆಯೇ ಕರೆಯುತ್ತಿದ್ದರು, ನಾನೂ ಕರೆದೆ. ಪೇಟೆಯಲ್ಲಿ ಒಂದು ದಿನಸಿ ಅಂಗಡಿ ಇಟ್ಟಿದ್ದರು. ತೂಕದಲ್ಲಿ ಮೋಸವಿಲ್ಲ, ಮಾತಿನಲ್ಲಿ ಸುಳ್ಳಿಲ್ಲ. ಸುಳ್ಳು ಹೇಳಬೇಕಾಗಿ ಬಂದರೆ ಅವರಿಗೆ ಬಿಕ್ಕಳಿಕೆ ಬರುತ್ತಿತ್ತು. ಹಿತ್ತಲಲ್ಲಿ ಒಂದು ಚಕ್ಕೋತದ ಮರ. ಸಂಜೆ ಅಂಗಡಿಯಿಂದ ಬಂದವರೇ ಜಗಲಿಯ ಮೇಲೆ ಕೂತು ಒಂದು ಇಡೀ ಹಣ್ಣು ಸುಲಿದು, ಬೀದಿಯ ಮಕ್ಕಳಿಗೆ ಹಂಚಿ, ಉಳಿದದ್ದನ್ನು ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದರು. ದೇವರಿಗೆ ಕೈಮುಗಿಯುವಾಗಲೂ ಅವರ ಮುಖದಲ್ಲಿ ಅಷ್ಟು ಶಾಂತಿ ನಾನು ಕಂಡಿಲ್ಲ.

ನಲವತ್ತೆರಡರ ಗಲಾಟೆಯ ದಿನಗಳು. ದೊಡ್ಡಪ್ಪ ಅಂಗಡಿಗೆ ಸಾಮಾನು ತರಲು ಬೆಂಗಳೂರಿಗೆ ಹೋಗಿದ್ದವರು, ಮೆರವಣಿಗೆ ಹೊರಟ ಹುಡುಗರನ್ನು ಪೊಲೀಸರು ಬಡಿಯುವುದನ್ನು ಕಣ್ಣಾರೆ ಕಂಡರಂತೆ. ಅರ್ಧ ಸಾಮಾನು ಅಲ್ಲೇ ಬಿಟ್ಟು ಬಂದರು. ಬಂದವರು ಸ್ನಾನ ಮಾಡಿ, ಕೋಟೆಯೊಳಗಿನ ದೇವಸ್ಥಾನಕ್ಕೆ ಹೋಗಿ, ದೇಶಕ್ಕೆ ಸ್ವಾತಂತ್ರ್ಯ ಬರುವವರೆಗೂ ಮುಖಕ್ಕೆ ಕತ್ತಿ ಮುಟ್ಟಿಸುವುದಿಲ್ಲ ಎಂದು ದೇವರೆದುರು ಹರಕೆ ಕಟ್ಟಿಕೊಂಡರು. ಹೆಂಡತಿಯೊಬ್ಬರಿಗೆ ಮಾತ್ರ ವಿಷಯ ತಿಳಿಸಿ, ಯಾರಿಗೂ ಹೇಳಬೇಡ ಎಂದರು. ಹೇಳಿದರೆ ಹರಕೆಯ ಫಲ ಹೋಗುತ್ತದೆ ಅನ್ನುವುದು ಒಂದು. ಅಂಗಡಿಗೆ ಪೊಲೀಸ್ ದಫೇದಾರನೂ ಬೇಳೆ ಕೊಳ್ಳಲು ಬರುತ್ತಿದ್ದ ಅನ್ನುವುದು ಇನ್ನೊಂದು.

ಗಡ್ಡ ಬೆಳೆಯಿತು. ನಮ್ಮ ಕಡೆ ಗಂಡಸು ಸುಮ್ಮಸುಮ್ಮನೆ ಗಡ್ಡ ಬಿಡುವುದಿಲ್ಲ. ಹೆಂಡತಿ ಬಸುರಿಯಾದರೆ ಕ್ಷೌರ ಮಾಡಿಸಿಕೊಳ್ಳಬಾರದು ಎಂಬುದು ಮೊದಲಿನಿಂದ ಬಂದ ರೂಢಿ. ನಮ್ಮತ್ತೆ ಒಂದು ದಿನ ಕಿಟಕಿಯಿಂದ ನೋಡಿದರು. ಮಾರನೆಯ ದಿನ ಮತ್ತೆ ನೋಡಿದರು. ಮೂರನೆಯ ದಿನ ನನ್ನನ್ನು ಕರೆದು ಗುಟ್ಟಾಗಿ, "ನೋಡ್ದೇನೇ, ಎದುರುಮನೆ ಸಮಾಚಾರಾನ? ಮದುವೆಗೆ ಬಂದ ಮಗಳು ಮನೇಲಿ ಕೂತವ್ಳೆ, ಇವಳಿಗೆ ಈ ವಯಸ್ನಲ್ಲಿ!" ಎಂದರು. ನಮ್ಮತ್ತೆಯ ಗುಟ್ಟು ಅಂದರೆ, ಸಂಜೆಯೊಳಗೆ ಬಾವಿಕಟ್ಟೆಗೆ ಗೊತ್ತಾಗಿರುತ್ತಿತ್ತು.

ಅಲ್ಲಿಂದ ಶುರುವಾಯಿತು ನೋಡಿ. ಒಬ್ಬರ ಮನೆಯಿಂದ ನೆಲ್ಲಿಕಾಯಿ, ಇನ್ನೊಬ್ಬರ ಮನೆಯಿಂದ ಪುಳಿಯೋಗರೆ, ಮತ್ತೊಬ್ಬರ ಮನೆಯಿಂದ ಹೇರಳೆಕಾಯಿ ಉಪ್ಪಿನಕಾಯಿ. ಯುದ್ಧದ ಕಾಲ, ಅಕ್ಕಿ ಅಳೆದು ಕೊಡುತ್ತಿದ್ದ ದಿನಗಳು, ಆದರೂ ಬಸುರಿಗೆಂದರೆ ಹೆಂಗಸರ ಕೈ ಸಡಿಲ. ಬೀದಿಯಲ್ಲಿ ಒಂದು ಸಾವಾದಾಗ ದೊಡ್ಡಪ್ಪ ಹೆಗಲು ಕೊಡಲು ಹೋದರೆ, ಅವರನ್ನು ಗೌರವದಿಂದ ಹಿಂದಕ್ಕೆ ಸರಿಸಿದರು. ಸಂದಿಯಲ್ಲಿ ಹಾವು ಕಂಡು ದೊಣ್ಣೆ ಎತ್ತಿದರೆ, ನಮ್ಮ ಮಾವನವರು ಓಡಿಹೋಗಿ ದೊಣ್ಣೆ ಕಿತ್ತುಕೊಂಡು, "ನೀವಿದನ್ನ ಮುಟ್ಬಾರ್ದು, ನಾವಿಲ್ವಾ?" ಎಂದರು. ಬಸುರಿಯ ಗಂಡ ಹೆಣ ಹೊರಬಾರದು, ಹಾವು ಕೊಲ್ಲಬಾರದು ಎಂಬುದು ಎಲ್ಲರಿಗೂ ಗೊತ್ತು. ದೊಡ್ಡಪ್ಪನೊಬ್ಬರಿಗೆ ಮಾತ್ರ ಬೇರೆಯೇ ಅರ್ಥವಾಯಿತು. ಬಾಯಿಬಿಟ್ಟು ಹೇಳದಿದ್ದರೂ ತಮ್ಮ ಹರಕೆ ಊರಿಗೆ ತಿಳಿದುಹೋಗಿದೆ, ಅದಕ್ಕೇ ಈ ಮರ್ಯಾದೆ ಎಂದುಕೊಂಡರು. ಎದೆ ಸ್ವಲ್ಪ ಮುಂದೆ ಬಂತು. ಚಕ್ಕೋತ ತಿನ್ನುವಾಗ ಅದರ ಮುತ್ತಿನಂಥ ಎಸಳುಗಳು ಗಡ್ಡಕ್ಕೆ ಅಂಟಿಕೊಂಡು ತೂಗುತ್ತಿದ್ದರೂ ಅವರು ಒರೆಸಿಕೊಳ್ಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅತ್ತೆ ನನ್ನ ಕೈಲಿ ಹುಣಸೇಕಾಯಿ ಚಟ್ನಿ ಕಳಿಸಿದರು. ದೊಡ್ಡಮ್ಮ ಬಟ್ಟಲು ನೋಡಿ, "ಇದೇನೇ ಮಗಾ, ಎಲ್ರೂ ನನಗೆ ಹುಳೀನೇ ತಿನ್ನಿಸ್ತೀರಾ?" ಎಂದರು. ನನಗೆ ಆಗ ಹದಿನಾರೋ ಹದಿನೇಳೋ. ನಾಚಿಕೊಳ್ಳುತ್ತಾ ಇದ್ದದ್ದು ಹೇಳಿಬಿಟ್ಟೆ. ದೊಡ್ಡಮ್ಮ ಮೊದಲು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆಂದು ಹೆದರಿದೆ. ಆಮೇಲೆ ನೋಡಿದರೆ ಭುಜ ಕುಲುಕುತ್ತಿದೆ, ನಗು ತಡೆಯಲಾಗುತ್ತಿಲ್ಲ. ಅಂದೇ ನನಗೆ ಹರಕೆಯ ಗುಟ್ಟು ಗೊತ್ತಾದದ್ದು.

"ಅವ್ರಿಗೆ ಹೇಳ್ಬೇಡ ಕಣೇ," ಎಂದು ಕಣ್ಣೊರೆಸಿಕೊಂಡರು. "ಜನ ಎಚ್ಚೆತ್ತವ್ರೆ ಅಂತ ರಾತ್ರಿಯೆಲ್ಲಾ ಸಂತೋಷ ಪಡ್ತಾವ್ರೆ."

ಹೀಗೇ ನಡೆದಿದ್ದರೆ ನಗುವುದರಲ್ಲೇ ಮುಗಿಯುತ್ತಿತ್ತು. ಆದರೆ ಅವರ ಮಗಳಿಗೆ ಹೊಸಕೋಟೆಯ ಒಂದು ಸಂಬಂಧ ಗಟ್ಟಿಯಾಗುತ್ತಿತ್ತು. ಹುಡುಗ ಒಳ್ಳೆಯವನು, ಹುಡುಗಿಯನ್ನು ಮೊದಲೇ ನೋಡಿ ಮೆಚ್ಚಿದ್ದ. ಹುಡುಗಿಯೂ, ಕೇಳಿದರೆ ಏನೂ ಹೇಳದೆ, ರಾಗಿ ಬೀಸುವಾಗ ಹಾಡು ಗುನುಗುವಷ್ಟು ಮೆಚ್ಚಿದ್ದಳು. ಹುಡುಗನ ತಂದೆ ಅಲ್ಲಿ ಶೇಕದಾರರು, ಅಂದರೆ ಹೋಬಳಿಯ ಕಂದಾಯ ನೋಡಿಕೊಳ್ಳುವ ಸರ್ಕಾರಿ ಅಧಿಕಾರಿ. ತಾಂಬೂಲ ಬದಲಾಯಿಸಲು ಮಾಘಮಾಸದಲ್ಲಿ ಒಂದು ದಿನ ಬಂದರು. ಕೋಟು, ರುಮಾಲು, ಕೈಯಲ್ಲಿ ಬೆಳ್ಳಿ ಹಿಡಿಯ ಕೋಲು. ಜೊತೆಗೆ ಅವರ ವಯಸ್ಸಾದ ತಾಯಿ.

ದೊಡ್ಡಮ್ಮನಿಗೆ ನೆರವಾಗಲು ಹೋಗಿದ್ದ ನಾನು ಒಳಗೆ ಉಪ್ಪಿಟ್ಟು ತಿರುವುತ್ತಿದ್ದೆ. ನಡುಮನೆಯ ಮಾತು ಕೇಳಿಸುತ್ತಿತ್ತು.

"ಇದೇನ್ರೀ, ಹೋದ್ಸಲ ಇರ್ಲಿಲ್ಲ, ಈ ಸಲ ಇಷ್ಟುದ್ದ ಗಡ್ಡ?" ಎಂದರು ಶೇಕದಾರರು. ಆಮೇಲೆ ದನಿ ತಗ್ಗಿಸಿ, "ಬೆಂಗಳೂರಲ್ಲಿ ಈಗ ಒಂದಷ್ಟು ಜನ ಸ್ವರಾಜ್ಯ ಗಿರಾಜ್ಯ ಅಂತ ಗಡ್ಡ ಬಿಟ್ಕೊಂಡು ಓಡಾಡ್ತಾವ್ರಂತೆ. ನೀವು ಆ ಪೈಕಿ ಅಲ್ಲ ತಾನೆ? ನಮ್ದು ಸರ್ಕಾರದ ಅನ್ನ, ತಿಳೀತಲ್ಲ?" ಎಂದರು.

ದೊಡ್ಡಪ್ಪ ಹೌದು ಎಂದರೆ ಮಗಳ ಮದುವೆ ಮುರಿಯಿತು, ಬಹುಶಃ ಪೊಲೀಸರೂ ಬಂದರು. ಅಲ್ಲ ಎಂದರೆ ದೇವರೆದುರು ಕಟ್ಟಿದ ಹರಕೆ ಸುಳ್ಳಾಯಿತು. ಅವರು "ಅದು ಏನಂದ್ರೆ..." ಎಂದು ಬಾಯಿ ತೆರೆದರು. ಬಂತು ಬಿಕ್ಕಳಿಕೆ.

ನನ್ನ ಪಕ್ಕದಲ್ಲಿದ್ದ ದೊಡ್ಡಮ್ಮ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಬಾಗಿಲವರೆಗೆ ಹೋಗಿ, ಸೆರಗು ಸರಿಮಾಡಿಕೊಂಡು, ನೆಲ ನೋಡುತ್ತಾ, "ನನಗೆ ಮೂರು ತಿಂಗಳು," ಎಂದರು.

ನನ್ನ ಕೈಯ ಸೌಟು ಬಾಣಲೆಗೆ ಬಿತ್ತು. ನಡುಮನೆಯಲ್ಲಿ ಬಿಕ್ಕಳಿಕೆ ಇನ್ನೂ ಜೋರಾಯಿತು. ಶೇಕದಾರರು ತೊಲೆಗಳನ್ನೇ ನೋಡತೊಡಗಿದರು. ಅವರ ತಾಯಿ ಮಾತ್ರ ಬೆರಳು ಮಡಿಸಿ ತಿಂಗಳ ಲೆಕ್ಕ ಹಾಕಿ, "ಹಂಗಾದ್ರೆ ಈಗ ಬೇಡವ್ವಾ. ನಿನ್ನ ಬಾಣಂತನ ಮುಗೀಲಿ, ಆಮೇಲೆ ಮಗಳ ಮಾತು. ನಮಗೂ ಬೂದಿಗೆರೆ ಕಡೆ ಇನ್ನೊಂದು ಹೆಣ್ಣು ಹೇಳವ್ರೆ," ಎಂದರು. ಉಪ್ಪಿಟ್ಟು ತಿಂದರು. ತಾಂಬೂಲ ತಟ್ಟೆಯಲ್ಲೇ ಉಳಿಯಿತು.

ಅವರು ಹೋದ ಮೇಲೆ ನಾನು ಪಾತ್ರೆ ತೊಳೆಯುವ ನೆಪದಲ್ಲಿ ಹಿತ್ತಲಲ್ಲಿದ್ದೆ. ಮಗಳು ಮರದ ಹಿಂದೆ ಕೂತಿದ್ದಳು, ಹಾಡು ಇರಲಿಲ್ಲ. ಒಳಗಿನಿಂದ ದೊಡ್ಡಪ್ಪನ ಮಾತು ಕೇಳಿಸಿತು. "ಅಷ್ಟು ಜನದ ಎದುರಿಗೆ ಅಂಥಾ ಸುಳ್ಳು ಹೇಳ್ಬಿಟ್ಯಲ್ಲೇ!"

"ಊರೆಲ್ಲಾ ಮೂರು ತಿಂಗಳಿಂದ ಅದನ್ನೇ ಹೇಳ್ತಾ ಇದೆ, ನೀವೊಬ್ರೇ ಕೇಳಿಸ್ಕೊಂಡಿಲ್ಲ. ಹಾವು ಹೊಡೀಬೇಡಿ ಅಂದಿದ್ದು ಯಾಕೆ ಅಂದ್ಕೊಂಡ್ರಿ?" ಎಂದರು ದೊಡ್ಡಮ್ಮ. ಆಮೇಲೆ, "ಇಡೀ ದೇಶಕ್ಕೆ ಆ ಗಡ್ಡದಲ್ಲಿ ಜಾಗ ಮಾಡಿಟ್ಟಿದ್ದೀರಿ. ಹೆತ್ತ ಮಗಳಿಗೆ ಒಂದಿಷ್ಟು ಜಾಗ ಇಲ್ವೇನ್ರೀ ಅದ್ರಲ್ಲಿ?" ಎಂದರು.

ದೊಡ್ಡಪ್ಪ ಅಂದು ಸಂಜೆ ಜಗಲಿಗೆ ಬರಲಿಲ್ಲ. ಮಾರನೆಯ ಬೆಳಿಗ್ಗೆ, ದೇವರನ್ನೇ ಕೇಳುತ್ತೇನೆ ಎಂದು ಹೊರಟರು. ಹರಕೆ ಬದಲಾಯಿಸಬಹುದೇ ಎಂದು ಹೂವಿನ ಪ್ರಸಾದ ಕೇಳುವುದು. ದೇವರ ಬಲಗಡೆಯಿಂದ ಹೂ ಬಿದ್ದರೆ ಒಪ್ಪಿಗೆ, ಎಡಗಡೆಯಿಂದ ಬಿದ್ದರೆ ಇಲ್ಲ. ಆ ದಿನದ ಮಾಲೆ ಕಟ್ಟಿದ್ದು ದೊಡ್ಡಮ್ಮ. ನಾನು ಹೂ ಎತ್ತಿಕೊಡುತ್ತಾ ಪಕ್ಕದಲ್ಲೇ ಕೂತಿದ್ದೆ. ಎಡಗಡೆಯ ಗಂಟುಗಳನ್ನು ಕಟ್ಟುವಾಗ ಅವರು ಹಲ್ಲು ಕಚ್ಚಿದ್ದರು. ಬಲಗಡೆಗೆ ಬಂದಾಗ ಕೈ ಯಾಕೋ ಮೆತ್ತಗಾಯಿತು... ನಾನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು. "ದೇವ್ರಿಗೆ ಸಾವಿರ ಕೆಲಸ ಮಗಾ. ನಾವೂ ಒಂಚೂರು ಕೈಜೋಡಿಸ್ಬೇಕು," ಎಂದರು. ಮಂಗಳಾರತಿಗೆ ಮುಂಚೆಯೇ ಬಲಗಡೆಯಿಂದ ಒಂದಲ್ಲ, ನಾಲ್ಕು ಹೂ ಬಿದ್ದವಂತೆ. ಇಷ್ಟು ಧಾರಾಳವಾಗಿ ಪ್ರಸಾದವಾದದ್ದು ತಮ್ಮ ಕಾಲದಲ್ಲೇ ಇಲ್ಲ ಎಂದರಂತೆ ಅರ್ಚಕರು.

ಮಧ್ಯಾಹ್ನದ ಹೊತ್ತಿಗೆ ದೊಡ್ಡಪ್ಪನ ಮುಖ ಎರಡು ಬಣ್ಣವಾಗಿತ್ತು. ಮೇಲೆ ಕಂದು, ಕೆಳಗೆ ಸುಲಿದ ಚಕ್ಕೋತದ ಹಾಗೆ ಬಿಳಿ. ನಮ್ಮತ್ತೆ ಎದೆ ಹಿಡಿದುಕೊಂಡರು. "ಬಸುರಿ ಹೆಂಡ್ತೀನ ಇಟ್ಕೊಂಡು ಕ್ಷೌರ ಮಾಡಿಸ್ಕೊಂಡವ್ರಲ್ಲೇ!" ನನಗೆ ನಿಜ ಗೊತ್ತಿತ್ತು, ಹೇಳುವಂತಿರಲಿಲ್ಲ. ಆದರೆ ಅತ್ತೆಗೆ ಯಾರೂ ಏನೂ ಹೇಳಬೇಕಾಗಿಯೇ ಬರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ತಾವೇ ಬಗೆಹರಿಸಿದರು. "ಬಸುರೂ ಇಲ್ಲ ಎಂಥದೂ ಇಲ್ಲ. ಆ ವಯಸ್ಸಿಗೆ ಮುಟ್ಟು ನಿಲ್ಲುತ್ತೆ. ಪಾಪ, ಲೆಕ್ಕ ತಪ್ಪಿದಾಳೆ." ಸುದ್ದಿ ಹುಟ್ಟಿಸಿದವರು ತಾವೇ ಎಂಬ ಅಳುಕು ಇತ್ತೇನೋ, ಮರುವಾರವೇ ಇದ್ದಿಲ ಬಸ್ಸು ಹತ್ತಿ ಹೊಸಕೋಟೆಗೆ ಹೋಗಿ ಶೇಕದಾರರ ತಾಯಿಗೆ ಎಲ್ಲ ವಿವರಿಸಿ ಬಂದರು. ಯುದ್ಧದಿಂದ ಪೆಟ್ರೋಲ್ ಇಲ್ಲದೆ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ಅದು. ದಿಬ್ಬ ಬಂದಾಗ ಜನ ಇಳಿದು ತಳ್ಳಬೇಕಾಗಿತ್ತು. ಅತ್ತೆಯೂ ತಳ್ಳಿದರಂತೆ. ಬೂದಿಗೆರೆಯ ಹೆಣ್ಣು ಇನ್ನೂ ಗೊತ್ತಾಗಿರಲಿಲ್ಲ, ಅದೂ ಒಂದು ಪುಣ್ಯ. ಆ ವೈಶಾಖದಲ್ಲೇ ಮದುವೆಯಾಯಿತು. ಹುಡುಗಿ ಹಾಡುತ್ತಲೇ ಹೋದಳು.

ದೊಡ್ಡಪ್ಪ ಹರಕೆ ಬಿಟ್ಟರು ಎಂದುಕೊಂಡೆ. ಆ ವರ್ಷ ಹಣ್ಣಿನ ಕಾಲ ಬಂದಾಗ ಗೊತ್ತಾಯಿತು, ಬಿಟ್ಟಿರಲಿಲ್ಲ, ಬದಲಾಯಿಸಿದ್ದರು. ಸಂಜೆ ಜಗಲಿಯ ಮೇಲೆ ಕೂತು ಹಣ್ಣು ಸುಲಿಯುತ್ತಿದ್ದರು, ಹಂಚುತ್ತಿದ್ದರು, ಕೊನೆಯ ತೊಳೆಯನ್ನೂ ಯಾರಿಗಾದರೂ ಕೊಟ್ಟು ಕೈ ತೊಳೆದುಕೊಂಡು ಒಳಗೆ ಹೋಗುತ್ತಿದ್ದರು. ಹಲ್ಲು ಜುಮ್ಮೆನ್ನುತ್ತದಂತೆ ಎಂದರು ಜನ. ಯಾರೂ ಅವರಿಗೆ ಮರ್ಯಾದೆ ಮಾಡಲಿಲ್ಲ, ಯಾರಿಗೂ ತೊಂದರೆಯಾಗಲಿಲ್ಲ. ಹೀಗೆ ನಾಲ್ಕು ವರ್ಷ ಹಣ್ಣು ಬಿಟ್ಟವು, ಮುಗಿದವು.

ನಲವತ್ತೇಳರ ಆಗಸ್ಟಿನ ಆ ಬೆಳಿಗ್ಗೆ ಬೀದಿಯಲ್ಲಿ ಮಾವಿನೆಲೆಯ ತೋರಣ. ದೊಡ್ಡಪ್ಪ ಹಿತ್ತಲಿಗೆ ಹೋಗಿ ಒಂದು ಚಕ್ಕೋತ ಕಿತ್ತು ತಂದರು. ದೊಡ್ಡಮ್ಮ ಹಿಂದೆಯೇ ಓಡಿಬಂದರು. "ಇನ್ನೂ ಬಲಿತಿಲ್ಲ ಕಣ್ರೀ, ಗೌರಿ ಹಬ್ಬ ಕಳೀಲಿ!" ನಮ್ಮ ಮಾವನವರು ಜಗಲಿಯಿಂದಲೇ, "ಸ್ವಾತಂತ್ರ್ಯ ಬಂದಿರೋದು ದಿಲ್ಲಿಗೆ ಕಣಪ್ಪಾ. ನಮ್ಮ ಮೈಸೂರು ಸೀಮೆ ಮಾತು ಇನ್ನೂ ಬಗೆಹರಿದಿಲ್ಲ," ಎಂದು ತಕರಾರು ತೆಗೆದರು. ದೊಡ್ಡಪ್ಪ ಯಾರ ಮಾತೂ ಕೇಳಲಿಲ್ಲ. ಸುಲಿದು, ಮೊದಲಿನಂತೆ ಕಣ್ಣು ಮುಚ್ಚಿ, ಒಂದು ತೊಳೆ ಬಾಯಿಗಿಟ್ಟರು. ಅವರ ಕಿವಿ ಅಲುಗಿತು. ಒಂದು ಕಣ್ಣು ತಾನಾಗಿ ತೆರೆಯಿತು.

"ಹೆಂಗಿದೆ?" ಎಂದರು ದೊಡ್ಡಮ್ಮ.

"ಹುಳಿ." ಇನ್ನೊಂದು ತೊಳೆ ಬಾಯಿಗಿಟ್ಟುಕೊಂಡರು. "ಇರ್ಲಿ ಬಿಡು, ನಮ್ಮನೇದು. ಹಣ್ಣಾಗುತ್ತೆ."

ಬೀದಿಗೆಲ್ಲ ಹಂಚಿದರು. ಎಲ್ಲರೂ ಮುಖ ಕಿವುಚಿದರು, ಬೇಕು ಬೇಕೆಂದು ತಿಂದವಳು ನಾನೊಬ್ಬಳೇ. ಮದುವೆಯಾಗಿ ಐದು ವರ್ಷ, ಎಷ್ಟು ದೇವರಿಗೆ ಮುಡಿಪು ಕಟ್ಟಿದ್ದೆನೋ, ಆಗ ನನಗೆ ನಾಲ್ಕು ತಿಂಗಳು. ನಮ್ಮ ಯಜಮಾನರ ಮುಖದ ಮೇಲೂ ಗಡ್ಡವಿತ್ತು. ಅವರದು ದೇಶಕ್ಕೆ ಬಿಟ್ಟದ್ದಲ್ಲ.

ಆ ಹೊಟ್ಟೆಯಲ್ಲಿದ್ದವನೇ ಮೊನ್ನೆ ಚಕ್ಕೋತ ತಂದದ್ದು.

ಮೊಮ್ಮಗಳಿಗೆ ಇಷ್ಟನ್ನೂ ಹೇಳಿದೆ. ದೊಡ್ಡಪ್ಪ ದೇಶವನ್ನು ಮುಖದ ಮೇಲೆ ಇಟ್ಟುಕೊಂಡಿದ್ದಾಗ ಅದರ ಭಾರ ಹೆಂಡತಿ ಮಗಳು ಹೊತ್ತರು, ನಾಲಿಗೆಯ ಮೇಲೆ ಇಟ್ಟುಕೊಂಡಾಗ ತಾವೊಬ್ಬರೇ ಹೊತ್ತರು, ನಾನು ಕಂಡದ್ದು ಇಷ್ಟೇ ಎಂದೆ. ಅವಳು ಪೆನ್ಸಿಲ್ ಕಚ್ಚಿಕೊಂಡು ಯೋಚಿಸಿದಳು. "ಅಜ್ಜಿ, ನನಗಿರೋದು ಮೂರೇ ನಿಮಿಷ. ಪರವೋ ವಿರೋಧವೋ, ಒಂದು ಹೇಳು."

ನಾನು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡೆ. ದೊಡ್ಡಪ್ಪ ಆಮೇಲೆ ಬಹಳ ವರ್ಷ ಬದುಕಲಿಲ್ಲ. ದೊಡ್ಡಮ್ಮ ಮಗಳ ಮನೆಯಲ್ಲಿ ಕಣ್ಣು ಮುಚ್ಚಿದರು. ರಸ್ತೆ ಅಗಲ ಮಾಡುವಾಗ ಮನೆಯೂ ಹೋಯಿತು, ಹಿತ್ತಲೂ ಹೋಯಿತು. ಅವರ ಕೈಯಿಂದ ಹಣ್ಣು ತಿನ್ನುವ ಭಾಗ್ಯ ನನಗಿತ್ತಲ್ಲ, ದೇವರು ಅಷ್ಟು ಕೊಟ್ಟ. ತಟ್ಟೆಯಲ್ಲಿ ಉಳಿದ ತೊಳೆಗಳನ್ನು ಒಂದೊಂದಾಗಿ ತಿಂದು ಮುಗಿಸಿದೆ. ಹುಳಿಯೇ ಇತ್ತು. ಹಣ್ಣಾಗುತ್ತೆ ಬಿಡು ಎಂದು ಹೇಳುವುದಕ್ಕೆ ಎದುರುಮನೆಯೇ ಇಲ್ಲ.